ಹನ್ನೆರಡು-ಸೊನ್ನೆ-ಏಳರ ತಾಯಿ

ಸತ್ತವಳ ಎದೆಯ ಮೇಲಿನ ಪಿನ್ನು ಬಿಚ್ಚುವಷ್ಟರಲ್ಲಿ ಆರ್ಡಿಸಳ ಹೆಬ್ಬೆರಳಿಗೆ ಎರಡು ಸಲ ಚುಚ್ಚಿತು. ಎಂಬತ್ತೆರಡು ವರ್ಷದ ಬೆರಳುಗಳಿಗೆ ಕೊಂಡಿ ಸಿಗುತ್ತಿರಲಿಲ್ಲ. ಅಕ್ಕ ಸೆಲ್ಮಾ ಮಾತ್ರ ಪೆಟ್ಟಿಗೆಯೊಳಗೆ ಕಣ್ಣು ಮುಚ್ಚಿಕೊಂಡು, ಬದುಕಿದ್ದಾಗಿನ ಹಾಗೆಯೇ, ತನಗೇನೂ ಗೊತ್ತಿಲ್ಲವೆಂಬಂತೆ ಮಲಗಿದ್ದಳು.

"ಚಿಕ್ಕಮ್ಮ! ಏನ್ ಮಾಡ್ತಿದೀರಾ?"

ಬಾಗಿಲಲ್ಲಿ ಸೆಲ್ಮಾಳ ಮಗಳು ಮಾರ್ಲಿಸ್ ನಿಂತಿದ್ದಳು. ಕೈಯಲ್ಲಿ ಆಗಷ್ಟೇ ಅಚ್ಚಾಗಿ ಬಂದ ಹಾಳೆಗಳ ಕಟ್ಟು.

"ಸೊಟ್ಟಗಿತ್ತು. ನೆಟ್ಟಗೆ ಮಾಡ್ತಿದ್ದೆ."

"ನೆಟ್ಟಗೇ ಇತ್ತು. ಬೆಳಿಗ್ಗೆ ನಾನೇ ಹಾಕಿದ್ದು."

"ಹಾಗಾದ್ರೆ ನಿನ್ನ ಕಣ್ಣು ಸೊಟ್ಟಗಿರ್ಬೇಕು ಕಣೇ."

ಮಾರ್ಲಿಸ್ ನಗಲಿಲ್ಲ. ಹತ್ತಿರ ಬಂದು, ಅಂಗುಲದುದ್ದದ ಆ ಬೆಳ್ಳಿಯ ಹಡಗನ್ನು ತಾಯಿಯ ನೀಲಿ ಉಡುಪಿಗೆ ಮತ್ತೆ ಸಿಕ್ಕಿಸಿದಳು. ೧೯೪೪ರಲ್ಲಿ ಊರಿನ ಹಡಗು ಕಾರ್ಖಾನೆಯವರು ಕೊಟ್ಟ ಪಿನ್ನು ಅದು. ಹೊಸ ಹಡಗು ನೀರಿಗಿಳಿಯುವಾಗ ಅದರ ಮೂತಿಗೆ ಶಾಂಪೇನ್ ಸೀಸೆ ಬೀಸಿ ಒಡೆದ ಹೆಣ್ಣಿಗೆ ಕೊಡುವ ಉಡುಗೊರೆ. ಸೀಸೆ ಒಡೆದವಳು ಆ ಹಡಗಿನ ತಾಯಿ. ಹ್ಯಾರೋ ಊರಿನಲ್ಲಿ ಇಂಥ ತಾಯಂದಿರು ಒಂದು ಕಾಲಕ್ಕೆ ಬೀದಿಗೆ ನಾಲ್ವರಿದ್ದರು. ಈಗ ಪೆಟ್ಟಿಗೆಯಲ್ಲಿ ಮಲಗಿರುವವಳೇ ಕೊನೆಯವಳು.

"ಇದನ್ನೂ ಹೂತುಬಿಡ್ತೀರಾ?" ಎಂದಳು ಆರ್ಡಿಸ್.

"ಅಮ್ಮನೇ ಹೇಳಿದ್ದು."

"ಹೇಳಿರ್ತಾಳೆ, ಹೇಳಿರ್ತಾಳೆ." ಆರ್ಡಿಸ್ ಹೆಬ್ಬೆರಳು ಚೀಪಿಕೊಂಡಳು. "ಊಟದ ಹೊತ್ತಿಗೆ ನಾನೂ ಎರಡು ಮಾತಾಡ್ತೀನಿ ಮಾರ್ಲಿಸ್."

"ಯಾರ ದನೀಲಿ?"

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಹೋದ ವರ್ಷ ಹಳೆಯ ಪಾಸ್ಟರರ ಬೀಳ್ಕೊಡುಗೆಯಲ್ಲಿ ಆರ್ಡಿಸ್ ಪಾಸ್ಟರರಂತೆಯೇ ಆಶೀರ್ವದಿಸಿ, ಪಾಸ್ಟರರಂತೆಯೇ ಮಧ್ಯದಲ್ಲಿ ಸೀನಿ, ಪಾಸ್ಟರರಂತೆಯೇ ಕರವಸ್ತ್ರವನ್ನು ಬೈಬಲ್ಲಿನೊಳಗೆ ಮಡಿಸಿಟ್ಟಿದ್ದಳು.

"ನಂದೇ ದನೀಲಿ ಕಣೇ. ಅದೊಂದು ಬಾಕಿ ಇದೆ."

"ಆರ್ಕನ್ಸಾದಿಂದ ಡೆಲ್ಬರ್ಟ್ ಬರ್ತಿದಾರೆ. ಆ ಹಡಗಿನವರಲ್ಲಿ ಇನ್ನೂ ಓಡಾಡೋ ಹಾಗಿರೋದು ಅವರೊಬ್ರೇ. ಅವರ ಮುಂದೆ ಸ್ವಲ್ಪ..."

"ಅವನ ಮುಂದೇನೇ ಮಾತಾಡ್ಬೇಕಾಗಿರೋದು," ಎಂದಳು ಆರ್ಡಿಸ್.

ಪೆಟ್ಟಿಗೆಯ ಮುಚ್ಚಳ ಬಿತ್ತು. ಆ ಸೀಸೆ ಬೀಸಬೇಕಾಗಿದ್ದ ಕೈ ಸೆಲ್ಮಾಳದಲ್ಲ, ತನ್ನದು. ಇದು ಆ ಹಡಗಿನಲ್ಲಿ ತೇಲಿದ ಒಬ್ಬನಿಗಾದರೂ ಗೊತ್ತಾಗಬೇಕು. ಅರವತ್ತೆರಡು ವರ್ಷ ಕಾದದ್ದಾಯಿತು. ಡೆಲ್ಬರ್ಟ್‌ನ ವಯಸ್ಸು ನೋಡಿದರೆ ಉಳಿದಿರುವುದು ಇವತ್ತೊಂದೇ ದಿನ.

ಚರ್ಚು ತುಂಬಿತ್ತು. ಮೂವತ್ತೊಂದು ವರ್ಷ ಸೆಲ್ಮಾ ಶಾಲೆಯಲ್ಲಿ ಬಡಿಸಿದ್ದನ್ನು ತಿಂದು ಬೆಳೆದವರೆಲ್ಲ ಬಂದಿದ್ದರು. ಎಲ್ಲರ ಕೈಯಲ್ಲೂ ಮಾರ್ಲಿಸ್ ಅಚ್ಚು ಹಾಕಿಸಿದ ಹಾಳೆ. ಅದರ ಮೇಲೆ ಸೀಸೆ ಎತ್ತಿ ಹಿಡಿದ ಸೆಲ್ಮಾ; ಇಪ್ಪತ್ತೆರಡರ ವಯಸ್ಸು, ತಲೆಯ ಮೇಲೆ ಟೋಪಿ, ಮೊಣಕೈ ಮಡಿಸಿ ನೊಣ ಹೊಡೆಯುವಂಥ ಭಂಗಿ. ಪಾಸ್ಟರ್ ಓದತೊಡಗಿದರು.

"ಹನ್ನೆರಡು-ಸೊನ್ನೆ-ಏಳು ಎಂಬ ಸಂಖ್ಯೆಯ ಟ್ಯಾಂಕ್ ಸಾಗಣೆಯ ಹಡಗು ೧೯೪೪ರ ಮೇ ತಿಂಗಳಲ್ಲಿ ಸೆಲ್ಮಾ ಅವರ ಕೈಯಿಂದ ಇಲಿನಾಯ್ ನದಿಗಿಳಿಯಿತು. ಮಿಸಿಸಿಪ್ಪಿಯ ಗುಂಟ ನ್ಯೂ ಆರ್ಲಿಯನ್ಸ್ ಮುಟ್ಟಿ, ಅಲ್ಲಿ ಫಿರಂಗಿಗಳನ್ನೂ ನೂರ ಹತ್ತು ನಾವಿಕರನ್ನೂ ಹೊತ್ತು, ಪನಾಮಾ ಕಾಲುವೆ ದಾಟಿ ಪೆಸಿಫಿಕ್ ಸೇರಿತು. ಫಿಲಿಪ್ಪೀನ್ಸಿನ ಲೇಟೆಯಲ್ಲಿ, ಲಿಂಗಾಯೆನ್‌ನಲ್ಲಿ ಟ್ಯಾಂಕುಗಳನ್ನು ದಡಕ್ಕಿಳಿಸಿತು. ಓಕಿನಾವಾದಲ್ಲಿ ಶತ್ರುವಿಮಾನವೊಂದು ಹಿಂಬದಿಗೆ ಅಪ್ಪಳಿಸಿ ಹನ್ನೊಂದು ಮಂದಿ ತೀರಿಕೊಂಡರು, ಹಡಗು ಮುಳುಗಲಿಲ್ಲ. ಯುದ್ಧ ಮುಗಿದ ಮೇಲೆ ಚೀನಾಕ್ಕೆ ಸೈನಿಕರನ್ನು ಸಾಗಿಸಿತು. ಬಿರುಗಾಳಿಗೆ ಸಿಕ್ಕು ಎರಡು ದಿನ ದಿಕ್ಕು ತಪ್ಪಿ ತೇಲಿತು. ನಲವತ್ತಾರರಲ್ಲಿ ನಿವೃತ್ತಿ, ನಲವತ್ತೆಂಟರಲ್ಲಿ ಗುಜರಿ."

ಪಾಸ್ಟರ್ ಉಸಿರು ತೆಗೆದುಕೊಂಡರು. "ಸೆಲ್ಮಾ ಎಲ್ಮರ್ ಹೌಗೆನ್ ಅವರನ್ನು ಮದುವೆಯಾದರು. ಶಾಲೆಯ ಅಡುಗೆಮನೆಯಲ್ಲಿ ದುಡಿದರು. ಒಬ್ಬ ಮಗಳು, ಇಬ್ಬರು ಮೊಮ್ಮಕ್ಕಳು, ಒಬ್ಬ ತಂಗಿಯನ್ನು ಅಗಲಿದ್ದಾರೆ."

"ಹಡಗಿಗೆ ಹನ್ನೊಂದು ಸಾಲು," ಆರ್ಡಿಸ್ ಮಾರ್ಲಿಸಳ ಕಿವಿಯಲ್ಲಿ ಉಸುರಿದಳು. "ನಿಮ್ಮಪ್ಪನಿಗೆ ಒಂದು. ನನಗೆ ಒಂದೇ ಪದ."

"ಎರಡು. 'ಒಬ್ಬ ತಂಗಿ'."

"ಒಬ್ಬ ಅನ್ನೋದು ನಿನಗೂ ಕೊಟ್ಟಿದಾರಲ್ಲ. ಅದರಲ್ಲಿ ನನ್ನ ಪಾಲೆಷ್ಟು?"

"ಚಿಕ್ಕಮ್ಮ, ಪ್ಲೀಸ್."

ಎರಡು ಸಾಲು ಹಿಂದೆ ಯಾರೋ ಮುದುಕ ಜೋರಾಗಿ ಮೂಗೊರೆಸಿಕೊಂಡ. ಆರ್ಡಿಸ್ ತಿರುಗಿ ನೋಡಿದಳು. ಎತ್ತರದ ಆಳು, ನಾವಿಕರ ಹಳೆಯ ಟೋಪಿ ಮಡಿಲಲ್ಲಿ. ಅವನೇ ಡೆಲ್ಬರ್ಟ್. ಅಳುತ್ತಿದ್ದಾನೆ, ಅದೂ ಸೆಲ್ಮಾಳಿಗಾಗಿ. ನಾನು ಸತ್ತಾಗ ಆರ್ಕನ್ಸಾದಿಂದ ಯಾರು ಬಂದಾರು, ಎಂದುಕೊಂಡಳು ಆರ್ಡಿಸ್. ಪಕ್ಕದ ಬೀದಿಯಿಂದ ಬಂದರೆ ದೊಡ್ಡದು.

*

ಸಮುದ್ರದಿಂದ ಸಾವಿರ ಮೈಲಿ ದೂರದ ಮೆಕ್ಕೆಜೋಳದ ಹೊಲದಲ್ಲಿ ಆಗ ಹಡಗು ಕಟ್ಟುತ್ತಿದ್ದರು. ಮೂತಿ ಬೀರುವಿನ ಬಾಗಿಲಿನಂತೆ ಇಬ್ಭಾಗವಾಗಿ ತೆರೆದುಕೊಂಡು, ಹೊಟ್ಟೆಯೊಳಗಿನ ಟ್ಯಾಂಕುಗಳನ್ನು ಮರಳಿನ ಮೇಲೆ ಇಳಿಸುವ, ಚಪ್ಪಟೆ ತಳದ ಹಡಗುಗಳು. ಅವಕ್ಕೆ ಹೆಸರಿರಲಿಲ್ಲ, ನಂಬರಷ್ಟೇ. ಹೆಸರೇ ಇಲ್ಲದ್ದಕ್ಕೆ ವಾರಕ್ಕೊಮ್ಮೆ ನಾಮಕರಣ ನಡೆಯುತ್ತಿತ್ತು.

ಇಪ್ಪತ್ತು ವರ್ಷದ ಆರ್ಡಿಸ್ ಥೋರ್ಸನ್ ವೆಲ್ಡರ್. ಹನ್ನೆರಡು-ಸೊನ್ನೆ-ಏಳರ ಮೂತಿಬಾಗಿಲಿನ ಕೀಲುಗಳನ್ನು ಬೆಸೆದವಳು. ಸೆಲ್ಮಾ ಅದೇ ಕಾರ್ಖಾನೆಯ ಹಾಜರಿ ಕಚೇರಿಯಲ್ಲಿ ಗುಮಾಸ್ತೆ. ಸೀಸೆ ಒಡೆಯುವವಳನ್ನು ಆರಿಸಲು, ಒಂದು ದಿನವೂ ರಜೆ ಹಾಕದ ವೆಲ್ಡರ್ ಹುಡುಗಿಯರ ಚೀಟಿಗಳನ್ನು ಬೆಸುಗೆಯ ಮುಖವಾಡವೊಂದನ್ನು ಬಟ್ಟಲಿನಂತೆ ಹಿಡಿದು ಅದರಲ್ಲಿ ಹಾಕಿ ಎತ್ತಿದಾಗ ಬಂದದ್ದು ಆರ್ಡಿಸಳ ಹೆಸರು. ಅವಳು ನೀಲಿ ಟೋಪಿ ಕೊಂಡಳು. ಹಿತ್ತಲಿನಲ್ಲಿ ಹಾಲಿನ ಖಾಲಿ ಸೀಸೆ ಹಿಡಿದು, ಕೋಳಿಗೂಡಿನ ಕಂಬದತ್ತ ವಾರವಿಡೀ ಬೀಸಿ ಅಭ್ಯಾಸ ಮಾಡಿದಳು.

ಹಿಂದಿನ ದಿನ ಕೊನೆಯ ಕೀಲು ಮುಗಿಸಿ, ತನ್ನ ಬೆಸುಗೆಯನ್ನು ತಾನೇ ಮೆಚ್ಚಿಕೊಳ್ಳಲು ಮುಖವಾಡ ಮೇಲೆತ್ತಿದಳು. ಯಾವ ವೆಲ್ಡರನೂ ಮಾಡಬಾರದ ಕೆಲಸ, ಎಲ್ಲ ವೆಲ್ಡರರೂ ಮಾಡುವ ಕೆಲಸ. ಅದೇ ಕ್ಷಣಕ್ಕೆ ಪಕ್ಕದವನು ಬೆಸುಗೆಯ ಕಿಡಿ ಹೊತ್ತಿಸಿದ; ಆ ಬೆಳಕು ನೇರ ಕಣ್ಣಿಗೆ ಬಡಿಯಿತು.

ಬೆಳಗಾಗುವಷ್ಟರಲ್ಲಿ ಕಣ್ಣೊಳಗೆ ಹಿಡಿ ಹಿಡಿ ಮರಳು ತುಂಬಿದಂತಾಗಿತ್ತು. ರೆಪ್ಪೆ ತೆರೆಯಲಾಗದು. ತಾಯಿ ಹಸಿ ಆಲೂಗಡ್ಡೆ ಹೆಚ್ಚಿ, ಎರಡು ಬಿಲ್ಲೆಗಳನ್ನು ಕಣ್ಣಿನ ಮೇಲಿಟ್ಟಳು.

"ಮುಂದಿನ ಚೀಟಿ ಯಾರದು?" ಎಂದಳು ತಾಯಿ.

"ಬೋರ್ಘಿಲ್ಡ್‌ದು," ಎಂದಳು ಸೆಲ್ಮಾ.

"ಬೋರ್ಘಿಲ್ಡಾ? ಆ ಮೂತಿ ನನ್ನ ಹಡಗಿನ ಮೂತಿ ಮುಂದೆ?" ಆರ್ಡಿಸ್ ಹಾಸಿಗೆಯಿಂದ ಕೂಗಿದಳು. "ಸತ್ರೂ ಬೇಡ. ನೀನು ಹೋಗೇ ಸೆಲ್ಮಾ. ಇವತ್ತೊಂದಿನ."

ಮೇಸ್ತ್ರಿ ತಕರಾರು ಮಾಡಲಿಲ್ಲ. ಥೋರ್ಸನ್ನರ ಹುಡುಗಿ ತಾನೆ, ಯಾವುದಾದರೇನು ಎಂದನಂತೆ. ಸೆಲ್ಮಾ ಟೋಪಿಯನ್ನೂ ಹಾಕಿಕೊಂಡು ಹೋದಳು. ಹನ್ನೊಂದಕ್ಕೆ ಸೈರನ್ ಕೂಗಿತು. ಹಡಗು ಅಡ್ಡಡ್ಡ ಜಾರಿ ನದಿಗೆ ಬಿದ್ದ ಸದ್ದಿಗೆ ಕಿಟಕಿಯ ಗಾಜು ನಡುಗಿತು. ಜನ ಕೇಕೆ ಹಾಕಿದರು. ಆರ್ಡಿಸ್ ಕತ್ತಲಲ್ಲಿ ಮಲಗಿ ಕೇಳಿಸಿಕೊಂಡಳು. ಕಣ್ಣಿನ ಮೇಲಿನ ಬಿಲ್ಲೆಗಳು ಬಿಸಿಯಾಗಿದ್ದವು.

ಮಧ್ಯಾಹ್ನ ಸೆಲ್ಮಾ ಬಂದಳು.

"ಹೇಗಿತ್ತೇ?"

"ಬೀಸಿದೆ. ಒಡೀತು. ಅಷ್ಟೇ."

ಅಷ್ಟೇ! ಅಷ್ಟೇ ಆಗಿದ್ದರೆ ಪಿನ್ನು ತಂಗಿಯ ದಿಂಬಿನ ಮೇಲೆ ಇಡಬಹುದಿತ್ತು. ಸೆಲ್ಮಾ ಅದನ್ನು ತನ್ನ ಕಡೆಯ ಮೇಜಿನ ಖಾನೆಯಲ್ಲಿ ಇಟ್ಟು ಮುಚ್ಚಿದ ಸದ್ದು ಆರ್ಡಿಸಳಿಗೆ ಸ್ಪಷ್ಟವಾಗಿ ಕೇಳಿಸಿತು. ಬೆಸುಗೆಯ ಬೆಂಕಿಗಾದರೆ ಮುಖವಾಡವಿತ್ತು. ಹೊಟ್ಟೆಯ ಕಿಚ್ಚಿಗೆ ಅಂಥದ್ದೇನನ್ನೂ ಕಾರ್ಖಾನೆ ಕೊಟ್ಟಿರಲಿಲ್ಲ.

*

ಗುಡ್ಡದ ಮೇಲಿನ ಸ್ಮಶಾನದಲ್ಲಿ ಅಕ್ಟೋಬರಿನ ಗಾಳಿ ಪಾಸ್ಟರರ ಮಾತನ್ನು ಅರ್ಧಕ್ಕರ್ಧ ಹೊತ್ತೊಯ್ದಿತು. ಕೆಳಗೆ ನದಿ, ಕೊಯ್ಲು ಮುಗಿದ ಹೊಲ, ಹಡಗು ಕಟ್ಟುತ್ತಿದ್ದ ಜಾಗದಲ್ಲಿ ಈಗ ಜೋಳ ತುಂಬುವ ಗೋಪುರಗಳು. ಪೆಟ್ಟಿಗೆ ಇಳಿಯುವಾಗ ಆರ್ಡಿಸ್ ಅಳಲಿಲ್ಲ. ತನ್ನ ಸೊಂಟ ಮುರಿದಾಗ ನಲವತ್ತು ದಿನ ದಿನವೂ ಬೀದಿ ದಾಟಿ ಬಿಸಿ ಸಾರು ತಂದುಕೊಟ್ಟವಳು ಇಳಿಯುತ್ತಿದ್ದಾಳೆ ಎಂಬುದು ನೆನಪಿತ್ತು. ಆ ಸಾರಿಗೆ ಉಪ್ಪು ಕಡಿಮೆ ಇರುತ್ತಿತ್ತು ಎಂಬುದೂ ನೆನಪಿತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಹ್ಯಾಮ್ ಬನ್, ಚೀಸು, ಹಸಿರು ಜೆಲ್ಲಿ ಸಜ್ಜುಮಾಡಿದ್ದರು. ಆರ್ಡಿಸ್ ತಟ್ಟೆ ಹಿಡಿದು ನೇರ ಆ ಎತ್ತರದ ಮುದುಕನ ಎದುರಿಗೇ ಹೋಗಿ ಕುಳಿತಳು. ಹೇಗೆ ಶುರುಮಾಡುವುದೆಂದು ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ್ದಳು. ಶುರುಮಾಡಿದವನು ಅವನು.

"ನೀವ ಆರ್ಡಿಸ್ ಅಲ್ಲೇನ್ರೀ?" ದಕ್ಷಿಣದವರ ಮಾತು, ಒಂದೊಂದು ಪದವನ್ನೂ ಹಗ್ಗ ಕಟ್ಟಿ ಎಳೆದು ತರುವಂತಿತ್ತು.

"ಹೌದು. ಹಾಳೇಲಿ ಒಂದು ಪದ ಬಂದಿದೀನಿ ನೋಡಿ."

"ಆಲೂಗಡ್ಡಿ ತಂಗಿ!" ಡೆಲ್ಬರ್ಟ್ ಎದ್ದು ನಿಂತೇಬಿಟ್ಟ. ಎರಡೂ ಕೈಯಿಂದ ಅವಳ ಕೈ ಹಿಡಿದ. "ಅಯ್ಯ ದೇವರ! ಅರವತ್ತ ವರ್ಷ ಆತ್ರೀ ನಿಮ್ಮ ಮಾರಿ ನೋಡಬೇಕಂತ. ಕಣ್ಣು ಈಗ ಹ್ಯಾಂಗದಾವ? ಇಷ್ಟ ಬೆಳಕು ತಡಕೋತಾವೇನು?"

"ನನ್ನ ಕಣ್ಣಿಗೇನಾಗಿದೆ?"

"ಅಲ್ರೀ, ನಿಮ್ಮ ಅಕ್ಕಾರು ಹೇಳ್ತಿದ್ರಲ್ಲ. ಆವತ್ತ ಸುಟ್ಟಿದ್ದು ಪೂರಾ ಆರಾಮ ಆಗ್ಲೇ ಇಲ್ಲ, ಬೆಳಕಿಗೆ ಬರಂಗಿಲ್ಲ, ಮಂದಿ ಅಂದ್ರ ಆಗಂಗಿಲ್ಲ ಅಂತ."

ಆರ್ಡಿಸ್ ಕೈ ಬಿಡಿಸಿಕೊಂಡಳು. "ಆಲೂಗಡ್ಡೆ ವಿಷಯ ನಿಮಗ್ಯಾರು ಹೇಳಿದ್ದು?"

"ಅವರ! ಮೊದಲನೇ ಪತ್ರದಾಗ. ನಾವು ಹುಡುಗ್ರು ಬರದಿದ್ವಿ, ನಮ್ಮ ಹಡಗಿನ ತಾಯಿಗೆ ನಮಸ್ಕಾರ ಅಂತ. ಲೇಟೆದಾಗ ಬಂತ ಉತ್ತರ. ನನಗ ತಾಯಿ ಅನಬ್ಯಾಡ್ರಿ, ಆ ಸೀಸೆ ನನ್ನ ತಂಗೀದು. ನಿಮ್ಮ ಬಾಗಲಾ ಬೆಸದಾಕಿನೂ ಆಕೀನ. ಕಣ್ಣಮ್ಯಾಲೆ ಆಲೂಗಡ್ಡಿ ಇಟಗೊಂಡು ಮಲಗಿದ್ಲು, ನಾ ಬರೇ ಕೈ, ಅಂತ ಬರದಿದ್ರು." ಅವನು ಕೂತು ಕಾಫಿ ಗುಟುಕರಿಸಿದ. "ಆ ಬಾಗಲಾ ತೆಗಿಯೋದು ಹಾಕೋದು ನನ್ನ ಕೆಲಸ ಇತ್ರಿ. ಮ್ಯಾಲೆ ಗುಂಡು ಹಾರತಿದ್ವು. ಒಂದ ಸಲಾನೂ ನಿಮ್ಮ ಕೀಲು ಕೈ ಕೊಡಲಿಲ್ಲ."

ಅರವತ್ತೆರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು. ಅದು ಕಿವಿಗೆ ಬಿದ್ದ ಮೇಲೂ ಆರ್ಡಿಸ್ ಕಾಯುತ್ತಲೇ ಇದ್ದಳು, ಇನ್ನೂ ಏನೋ ಬರಬೇಕೆಂಬಂತೆ.

"ಎಲ್ರಿಗೂ ಗೊತ್ತಿತ್ತಾ?"

"ಇಡೀ ಹಡಗಿಗೆ. ಸಪ್ಟೆಂಬರದಾಗ ಅಕ್ಕಾರ ಅಂಗಳದಾಗ ಕೂಡ್ತಿದ್ವೆಲ್ಲ, ಮೊದಲನೇ ಗ್ಲಾಸು ನಿಮ್ಮ ಹೆಸರಿಲೆ. ಎದ್ದ ನಿಂತು, ನಿಮ್ಮ ಮನಿ ಕಡೆ ಮಾರಿ ಮಾಡಿ, 'ಆಲೂಗಡ್ಡಿ ತಂಗಿಗೆ ಹುರ್ರೇ' ಅಂತ ಒದರತಿದ್ವಿ. ಕೇಳಸ್ತಿತ್ತಿಲ್ಲೋ?"

*

ಕೇಳಿಸುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಹುರ್ರೇ ಮಾತ್ರ ಕೇಳಿಸುತ್ತಿತ್ತು.

ಪ್ರತಿ ಸೆಪ್ಟೆಂಬರಿನ ಎರಡನೆಯ ಶನಿವಾರ ಬೀದಿಯಾಚೆ ಸೆಲ್ಮಾಳ ಮನೆಯ ಮುಂದೆ ಹೊರ ರಾಜ್ಯಗಳ ಕಾರುಗಳು ನಿಲ್ಲುತ್ತಿದ್ದವು. ಎಲ್ಮರ್ ಅಂಗಳದಲ್ಲಿ ಮಾಂಸ ಸುಡುತ್ತಿದ್ದ. ಮೊದಲ ವರ್ಷಗಳಲ್ಲಿ ನಲವತ್ತು ಗಂಡಸರು, ಆಮೇಲೆ ಇಪ್ಪತ್ತು, ಆಮೇಲೆ ಊರುಗೋಲು ಹಿಡಿದ ಆರೇಳು ಮಂದಿ. ನಡುವೆ ಬೆಳ್ಳಿಯ ಪಿನ್ನು ತೊಟ್ಟ ಸೆಲ್ಮಾ. ಆರ್ಡಿಸ್ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಎಲ್ಲರೂ ಗ್ಲಾಸು ಎತ್ತಿ ಬೀದಿಯತ್ತ ತಿರುಗಿ ಕೂಗಿದ ಕೂಡಲೇ ಪರದೆ ಎಳೆದು, ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಮಾರನೆಯ ದಿನ ಸೆಲ್ಮಾ ಉಳಿದ ಕೇಕು ತರುತ್ತಿದ್ದಳು.

"ಗದ್ದಲ ಜಾಸ್ತಿ ಆಯ್ತೇನೇ?"

"ಯಾವ ಗದ್ದಲ? ಏನಾದ್ರೂ ಇತ್ತಾ ನಿಮ್ಮನೇಲಿ?"

"ಹಡಗಿನವರು ಬಂದಿದ್ರು."

"ಓ. ಆ ಹಡಗು ಇನ್ನೂ ಮುಳುಗಿಲ್ವಾ?"

ಸೆಲ್ಮಾ ಕೇಕಿನ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದಳು. ತನ್ನನ್ನೇಕೆ ಕರೆಯಲಿಲ್ಲವೆಂದು ಆರ್ಡಿಸ್ ಕೇಳಲಿಲ್ಲ. ಕೇಳಿ ಪಡೆಯಲು ಇದೇನು ಸಕ್ಕರೆಯೇ? ಹೇಳುವುದಿದ್ದರೆ ಅವಳೇ ಹೇಳಲಿ. ಒಂಬತ್ತು ತಿಂಗಳು ಹೊತ್ತವಳು ನಾನು, ಒಂದು ಗಂಟೆ ಟೋಪಿ ಹೊತ್ತವಳು ತಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಕೇಕು ತಿನ್ನುತ್ತಿದ್ದಳು. ಕೇಕು ಮಾತ್ರ ಚೆನ್ನಾಗಿಯೇ ಇರುತ್ತಿತ್ತು. ಅದೂ ಸಿಟ್ಟು ಬರಿಸುತ್ತಿತ್ತು.

*

"ಮತ್ತೆ ಒಂದ್ಸಲಾನಾದ್ರೂ ಕರೀಬಾರ್ದಿತ್ತಾ ನನ್ನ?" ಆರ್ಡಿಸಳ ದನಿ ಪಕ್ಕದ ಮೇಜಿಗೂ ಕೇಳಿಸುವಷ್ಟಿತ್ತು.

"ಕರದೀವ್ರೀ! ಪ್ರತಿ ವರ್ಷ ನಿಮ್ಮ ಹೆಸರಿಲೆ ಬ್ಯಾರೆ ಕಾರ್ಡು. ಅಕ್ಕಾರ ಕೈಯಾಗ ಕೊಡ್ತಿದ್ವಿ."

ಆರ್ಡಿಸ್ ತಟ್ಟೆಯಲ್ಲಿ ನಡುಗುತ್ತಿದ್ದ ಜೆಲ್ಲಿಯನ್ನೇ ನೋಡಿದಳು. ಡೆಲ್ಬರ್ಟ್‌ಗೆ ಈಗ ಅರ್ಥವಾಗತೊಡಗಿತು. ಅವನು ಟೋಪಿಯನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ.

"ನಿಮಗ ಮುಟ್ಟಲೇ ಇಲ್ಲೇನು?"

"ಇಲ್ಲ."

"ಹಾಂ." ಅವನು ಕಾಫಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಒಮ್ಮೆ ನಾನ ಎದ್ದಿದ್ದೆ, ಹೋಗಿ ನಿಮ್ಮ ಬಾಗಲಾ ಬಡಿತೀನಂತ. ಅಕ್ಕಾರು ತೋಳ ಹಿಡದ್ರು. 'ಡೆಲ್ಬರ್ಟ್, ಬ್ಯಾಡ. ಆಕಿ ಬಾಯಾಗ ಇಡೀ ಊರ ಐತಿ. ಆಕಿ ಬಂದ್ಲಂದ್ರ ನೀವೆಲ್ಲಾ ಆಕಿ ಸುತ್ತ ಕೂಡ್ತೀರಿ. ನನಗ ಒಂದ ಜೋಕೂ ಸರಿಯಾಗಿ ಹೇಳಾಕ ಬರಂಗಿಲ್ಲ. ನನಗಿರೋದು ನೀವಷ್ಟ' ಅಂದ್ರು. ನಾ ಕುಂತೆ. ಕುಂತಿದ್ದು ತಪ್ಪಾತೇನ್ರೀ?"

ಅರವತ್ತೆರಡು ವರ್ಷ ಆರ್ಡಿಸ್ ಉರಿದದ್ದು ತನ್ನದೇ ಹೆಸರಿನ ಜಯಕಾರಕ್ಕೆ. ಅದೂ ಸಾಲದೆಂಬಂತೆ, ಹೊಟ್ಟೆಕಿಚ್ಚು ತನ್ನೊಬ್ಬಳ ಸ್ವಂತ ಆಸ್ತಿ ಎಂದುಕೊಂಡಿದ್ದರೆ, ಅಕ್ಕ ಅದರಲ್ಲೂ ಪಾಲು ತೆಗೆದುಕೊಂಡಿದ್ದಳು. ಆ ನಲವತ್ತು ದಿನದ ಸಾರು, ಆ ಕೇಕು. ಹೇಳಿಬಿಡುತ್ತೇನೆ ಎಂದುಕೊಂಡಳು. ಊರಿಗೆಲ್ಲ ಹೇಳುತ್ತೇನೆ. ಕಾರ್ಡು ಬಚ್ಚಿಟ್ಟದ್ದು, ನನ್ನ ಕಣ್ಣು ಕೆಟ್ಟಿದೆಯೆಂದು ಸುಳ್ಳು ಹೇಳಿದ್ದು, ಎಲ್ಲ.

ಮಾರ್ಲಿಸ್ ಬಂದು ಭುಜ ಮುಟ್ಟಿದಳು. "ಚಿಕ್ಕಮ್ಮ, ಎರಡು ಮಾತು ಅಂದ್ರಲ್ಲ. ಎರಡೇ."

ಆರ್ಡಿಸ್ ಎದ್ದಳು. ಚಮಚದ ಸದ್ದು ನಿಂತಿತು. ಕೆಲವರು ಆಗಲೇ ನಗಲು ಸಿದ್ಧರಾಗಿ ಕುರ್ಚಿ ತಿರುಗಿಸಿಕೊಂಡಿದ್ದರು.

"ನನ್ನ ಅಕ್ಕ," ಎಂದಳು. ತನ್ನದೇ ದನಿ. ಮುಂದಿನ ಮಾತು ಗಂಟಲಿನವರೆಗೆ ಬಂದಿತ್ತು. ಎದುರಿಗೆ ನೂರು ಮುಖಗಳು. ಆ ಹಾಳೆಗಳಲ್ಲಿ ನೂರು ಸೆಲ್ಮಾಗಳು, ನೂರು ಕಡೆ ಮೊಣಕೈ ಮಡಿಸಿಕೊಂಡು. ಆರ್ಡಿಸ್ ಕೆಮ್ಮಿದಳು. ಗಲ್ಲ ತಾನಾಗಿ ಒಳಕ್ಕೆ ಹೋಯಿತು, ಕೈಗಳು ಹೊಟ್ಟೆಯ ಮೇಲೆ ಜೋಡಿಸಿಕೊಂಡವು, ದನಿ ಮೂಗಿಗೆ ಏರಿ, ಎರಡು ಪದಕ್ಕೊಮ್ಮೆ ನಿಲ್ಲತೊಡಗಿತು.

"ಅವತ್ತು... ಬಿಸಿಲಿತ್ತು. ತುಂಬಾ ಏನಿಲ್ಲ. ಸಾಧಾರಣ."

ಮಾರ್ಲಿಸಳ ಕೈಯಲ್ಲಿದ್ದ ತಟ್ಟೆ ಮೇಜಿಗೆ ಬಡಿಯಿತು. ಯಾರೋ ನಕ್ಕರು, ಆಮೇಲೆ ಬಾಯಿ ಮುಚ್ಚಿಕೊಂಡರು. ಸತ್ತ ಸೆಲ್ಮಾಳೇ ಎದ್ದು ಮಾತಾಡುತ್ತಿದ್ದಂತಿತ್ತು.

"ಮೇಯರ್ ಹೆಂಡತಿ ಪಕ್ಕದಲ್ಲಿ ನಿಂತಿದ್ರು. ಸೆಂಟು ಹಾಕ್ಕೊಂಡಿದ್ರು. ನನಗೆ ತಲೆನೋವು ಬಂತು. ಹಲಗೆ ಸಂದೀಲಿ ಹಿಮ್ಮಡಿ ಸಿಕ್ಕಾಕ್ಕೊಂಡಿತ್ತು. ಎಡಗಾಲಿಂದು. ಅಲ್ಲ... ಬಲಗಾಲಿಂದು."

ಶಾಲೆಯಲ್ಲಿ ಸಾಲಾಗಿ ನಿಂತು ಬಡಿಸಿಕೊಂಡವರಿಗೆಲ್ಲ ಆ ದನಿ ಗೊತ್ತು. ಒಬ್ಬ ದಪ್ಪ ಮನುಷ್ಯ, ಐವತ್ತು ದಾಟಿದವನು, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ.

"ಟೋಪಿ ನೀಲಿ. ಸ್ವಲ್ಪ ಬಿಗಿ. ನಂದಲ್ಲ, ತಂಗೀದು." ದನಿ ನಿಂತಿತು. ಸೆಲ್ಮಾ ಈ ಸಾಲನ್ನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. "ಸೀಸೇನೂ ತಂಗೀದೇ. ಚೀಟಿ ಅವಳ ಹೆಸರಿಗೆ ಬಂದಿತ್ತು. ಅವಳು ಕಣ್ಣ ಮೇಲೆ ಆಲೂಗಡ್ಡೆ ಇಟ್ಕೊಂಡು ಮಲಗಿದ್ಲು. ನಾನು ಬರೀ ಕೈ."

ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರ್ಲಿಸ್ ಮೆಲ್ಲನೆ ಕುಳಿತಳು.

"ಅವಳಿಗೆ ಹೇಳಬೇಕು ಅಂತ ಪ್ರತಿ ಸಲ ಅಂದ್ಕೊಳ್ತಿದ್ದೆ. ಹೇಳಿದ್ರೆ ಅವಳು ಬರ್ತಿದ್ಲು. ಬಂದ್ರೆ... ನಿಮಗೇ ಗೊತ್ತಲ್ಲ, ಅವಳು ಹೇಗೆ ಅಂತ." ಆರ್ಡಿಸಳ ಬಾಯಿಂದ ಸೆಲ್ಮಾ ನಿಟ್ಟುಸಿರಿಟ್ಟಳು. "ಸೈರನ್ ಕೂಗಿತು. ಹಗ್ಗ ಕಡಿದ್ರು. ಆಮೇಲೆ..."

ಆಮೇಲೆ ಸೆಲ್ಮಾ ಯಾವಾಗಲೂ ಹೇಳುತ್ತಿದ್ದದ್ದು ಮೂರೇ ಮಾತು: ಬೀಸಿದೆ, ಒಡೀತು, ಅಷ್ಟೇ. ನೆಲಮಾಳಿಗೆಯಲ್ಲಿದ್ದವರೆಲ್ಲ ಆ ಮೂರು ಮಾತಿಗೆ ಕಾದರು. ಅವು ಬರಲಿಲ್ಲ. ಆರ್ಡಿಸಳ ಗಲ್ಲ ಮೇಲೆದ್ದಿತು. ಹೊಟ್ಟೆಯ ಮೇಲಿನ ಕೈಗಳು ಬೇರೆಯಾದವು. ಬಲಗೈ ಭುಜದಿಂದಲೇ ಹಿಂದಕ್ಕೆ ಹೋಗಿ, ಕಿವಿಯನ್ನು ದಾಟಿ, ಎಂಬತ್ತೆರಡು ವರ್ಷದ ಕೀಲು ಎಲ್ಲರಿಗೂ ಕೇಳಿಸುವಂತೆ ಲಟಕ್ಕೆಂದು, ಖಾಲಿ ಮುಷ್ಟಿ ಗಾಳಿಯನ್ನು ಸೀಳುತ್ತ ಮುಂದಕ್ಕೆ ಬಂದಿತು.

ಮುಂದಿನ ಮೇಜಿನ ಹೆಂಗಸರು ಮೈಮೇಲೆ ಏನೋ ಸಿಡಿಯಿತೆಂಬಂತೆ ಕಣ್ಣು ಮುಚ್ಚಿ ಮುಖ ತಿರುಗಿಸಿದರು. ಡೆಲ್ಬರ್ಟ್ ಎರಡೂ ಕೈಯಿಂದ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು, ಹಡಗು ಅಡ್ಡಡ್ಡ ಜಾರಿ ನೀರಿಗೆ ಬಿದ್ದಂತೆ, ಕುರ್ಚಿಯ ಸಮೇತ ಎಡಕ್ಕೆ ವಾಲಿದ.